ಬೇಡಕ್ಕ ರಜೆ ಹಾಕಿದ ವಾರ

ಆಸ್ಪತ್ರೆಯಲ್ಲಿ ನನಗೆ ಬೇಡಕ್ಕ ಎಂಬ ಹೆಸರಿಟ್ಟವರು ಎಕ್ಸ್‌ರೇ ವಿಭಾಗದವರು. ತಮ್ಮ ಯಂತ್ರದ ಪ್ರೋಗ್ರಾಂ ಅಡುಗೆಮನೆಯ ಫೋಲ್ಡರ್ ತೆರೆಯಲು ಹೋದರೆ ಸರ್ವರ್ ಬಿಡುತ್ತಿಲ್ಲ ಎಂದು ಜಗಳಕ್ಕೆ ಬಂದಿದ್ದರು. ಎಕ್ಸ್‌ರೇಗೂ ರೋಗಿಗಳ ಊಟಕ್ಕೂ ಏನು ಸಂಬಂಧ ಎಂದು ಕೇಳಿದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಸಂಬಂಧ ಏನಿಲ್ಲ, ಆದ್ರೂ ಬಿಟ್ರೆ ನಿಮ್ಮ ಗಂಟೇನು ಹೋಗುತ್ತೆ?" ಎಂದರು. "ಸಂಬಂಧ ಇಲ್ದಿದ್ರೆ ಬೇಡ," ಎಂದೆ. ಅಂದಿನಿಂದ ಕಾರಿಡಾರಿನಲ್ಲಿ, ಕ್ಯಾಂಟೀನಿನಲ್ಲಿ ನಾನು ಬೇಡಕ್ಕ. ನನ್ನ ಪಕ್ಕದ ಕುರ್ಚಿಯಲ್ಲಿ ಕೂರುವ ನನ್ನ ಸ್ವಂತ ತಮ್ಮನಿಗೆ ಆಯ್ತಣ್ಣ ಎಂದು ಹೆಸರು. ಯಾರು ಏನು ಕೇಳಿದರೂ ಅವನ ಬಾಯಿಂದ ಮೊದಲು ಬರುವುದು ಅದೇ ಮಾತು. ಅವನೆಂದರೆ ಎಲ್ಲರಿಗೂ ಪ್ರಾಣ. ನನ್ನನ್ನು ಕಂಡರೆ ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತುತ್ತಾರೆ.

ಅವನನ್ನು ಆ ಕುರ್ಚಿಗೆ ತಂದವಳು ನಾನೇ. ಎಲ್ಲೂ ನೆಲೆ ನಿಲ್ಲದೆ ಅಲೆಯುತ್ತಿದ್ದ. "ನೀನು ಒಂದು ಮಾತು ಹೇಳಿದ್ರೆ ಅವನ ಜೀವನ ದಡ ಸೇರುತ್ತೆ ಕಣೆ," ಎಂದು ಅಮ್ಮ ಬೆನ್ನು ಹತ್ತಿದಳು. ಹೇಳಿದೆ. ಆಸ್ಪತ್ರೆಯಲ್ಲಿ ಎಲ್ಲರಿಗೂ ಬೇಡ ಎನ್ನುವ ನಾಲಿಗೆ ಅಮ್ಮನ ಮುಂದೆ ಎಂದೂ ಏಳುತ್ತಿರಲಿಲ್ಲ.

ನನ್ನ ಕೆಲಸ ಏನೆಂದು ನೆಂಟರಿಗೆ ವಿವರಿಸುವುದು ನಾನು ಬಿಟ್ಟು ಬಹಳ ಕಾಲವಾಯಿತು. ಪಾಲಿಸಿ ಬರೆಯುತ್ತೇನೆ ಎಂದರೆ ವಿಮೆ ಏಜೆಂಟ್ ಅಂದುಕೊಂಡು ದೂರ ಕೂರುತ್ತಿದ್ದರು. ಇರಲಿ, ಇಲ್ಲಿ ಹೇಳುತ್ತೇನೆ. ಆಸ್ಪತ್ರೆಯ ಸರ್ವರ್‌ನಲ್ಲಿ ನೂರಾರು ಪ್ರೋಗ್ರಾಂಗಳು ಹಗಲೂ ರಾತ್ರಿ ಓಡುತ್ತಿರುತ್ತವೆ. ರಸೀದಿ ಮುದ್ರಿಸುವುದು ಒಂದು, ರಕ್ತಪರೀಕ್ಷೆಯ ಫಲಿತಾಂಶ ಕಳಿಸುವುದು ಇನ್ನೊಂದು, ರೋಗಿಗಳ ಕಡತ ಕಾಯುವುದು ಮತ್ತೊಂದು. ಪ್ರತಿ ಪ್ರೋಗ್ರಾಂಗೂ ಒಂದು ಲೇಬಲ್, ಪ್ರತಿ ಫೈಲಿಗೂ ಒಂದು ಲೇಬಲ್. ಯಾವ ಲೇಬಲ್ಲಿನವರು ಯಾವ ಲೇಬಲ್ಲನ್ನು ಮುಟ್ಟಬಹುದು, ಓದಬಹುದೇ ಬರೆಯಬಹುದೇ ಎಂದು ಪಾಲಿಸಿ ಎಂಬ ನಿಯಮಗಳ ಪಟ್ಟಿ ಹೇಳುತ್ತದೆ. ಹೇಳದೆ ಇದ್ದದ್ದೆಲ್ಲ ಇಲ್ಲ ಎಂದೇ ಅರ್ಥ. ಯಂತ್ರದ ಸರ್ವಾಧಿಕಾರಿ ಖಾತೆಯೇ ಬಂದು ಅಪ್ಪಣೆ ಕೊಟ್ಟರೂ ಪಾಲಿಸಿ ಜಗ್ಗುವುದಿಲ್ಲ. ಯಾರ ಮುಖವನ್ನೂ ನೋಡದೆ ಮಾತಾಡುವ ಜೀವ ನಾನು ಕಂಡದ್ದು ಅದೊಂದೇ. ಅದಕ್ಕೇ ನನಗೆ ಅದರ ಮೇಲೆ ಪ್ರೀತಿ.

ಮೊದಲ ಹಲವು ತಿಂಗಳು ಪಾಲಿಸಿ ಯಾರನ್ನೂ ತಡೆಯಲಿಲ್ಲ, ಬರೀ ನೋಡುತ್ತಾ ದೂರು ಹೇಳುತ್ತಿತ್ತು. ಇಂಥ ಪ್ರೋಗ್ರಾಂ ಇಂಥ ಫೈಲಿಗೆ ಕೈ ಹಾಕಿತು, ನಾನಾಗಿದ್ದರೆ ಬಿಡುತ್ತಿರಲಿಲ್ಲ ಎಂದು. ನಾನು ಕೂತು ಒಂದೊಂದೇ ದೂರು ಓದುತ್ತಿದ್ದೆ. ಯಾರಪ್ಪ ನೀನು, ಅಲ್ಲಿ ನಿನಗೇನು ಕೆಲಸ? ಉತ್ತರ ಸಿಕ್ಕರೆ ಅದಕ್ಕೆ ತಕ್ಕಷ್ಟೇ ದಾರಿ ಬಿಡುವ ನಿಯಮ ಬರೆಯುತ್ತಿದ್ದೆ. ಸಿಗದಿದ್ದರೆ ಬೇಡ. ಹಾಗೆ ಎಲ್ಲ ಮುಗಿದ ಮೇಲೆ ಒಂದು ಬೆಳಿಗ್ಗೆ ತಡೆಯುವ ಅಧಿಕಾರ ಕೊಟ್ಟೆ. ಆ ದಿನ ನನಗೆ ಬಿದ್ದ ಬೈಗುಳಕ್ಕೆ ಮಿತಿಯಿಲ್ಲ. ಒಂದು ವಾರದಲ್ಲಿ ಬೈಗುಳ ನಿಂತಿತು, ಹೆಸರು ಮಾತ್ರ ಉಳಿಯಿತು.

ಈ ಕೆಲಸದಲ್ಲಿ ಒಂದು ಅಡ್ಡದಾರಿ ಇದೆ. ತಡೆದ ದೂರುಗಳನ್ನೆಲ್ಲ ಬಾಚಿ ಒಂದು ಸಣ್ಣ ಸಾಧನದ ಬಾಯಿಗೆ ಹಾಕಿದರೆ, ಅವನ್ನೆಲ್ಲ ಬಿಡು ಎನ್ನುವ ನಿಯಮಗಳನ್ನು ಅದು ಚಿಟಿಕೆ ಹೊಡೆಯುವುದರೊಳಗೆ ಬರೆದುಕೊಡುತ್ತದೆ. ಯಾಕೆ ತಡೆದರು ಎಂದು ಕೇಳುವುದಿಲ್ಲ. ಒಂದೊಂದೇ ದೂರಿಗೆ, ಓದಿ ನೋಡಿ, ಅದನ್ನು ಬಳಸಿದರೆ ತಪ್ಪಿಲ್ಲ. ಓದದೆ ಬಳಸಿದರೆ, ಬಾಗಿಲು ಬಡಿದವರಿಗೆಲ್ಲ ಬೀಗದ ಕೈ ಮಾಡಿಸಿಕೊಟ್ಟ ಹಾಗೆ. ನನ್ನ ತಮ್ಮನಿಗೆ ಆ ಸಾಧನವೆಂದರೆ ಪಂಚಪ್ರಾಣ. "ಅಕ್ಕ, ಇಡೀ ದಿನ ಕೂತು ಓದ್ತೀಯಲ್ಲ, ಒಂದೇ ಏಟಿಗೆ ಮುಗಿಸಬಹುದು," ಎನ್ನುತ್ತಿದ್ದ. ಅದಕ್ಕೇ ಹೊಸ ನಿಯಮ ಹಾಕುವ ಅಧಿಕಾರವನ್ನು ಒಂದೇ ಖಾತೆಗೆ ಇಟ್ಟಿದ್ದೆ. ಅದು ನನ್ನದು.

ಹೀಗಿರುವಾಗ ಅಮ್ಮನ ಕಣ್ಣಿಗೆ ಪೊರೆ ಬಂತು. ಅಮ್ಮ ಇರುವುದು ತಮ್ಮನ ಮನೆಯಲ್ಲಿ. ಒಂದು ಕಣ್ಣಿನ ಆಪರೇಷನ್ ಗೊತ್ತಾಯಿತು. ಜೊತೆಗೆ ಯಾರಿರುವುದು ಎಂಬ ಮಾತು ಬಂದಾಗ ತಮ್ಮನ ಹೆಂಡತಿಗೆ ಕಣ್ಣು, ರಕ್ತ ಎಂದರೆ ತಲೆ ಸುತ್ತುತ್ತದೆ ಎಂದು ತಿಳಿಯಿತು. ತಮ್ಮನಿಗೆ ಮಕ್ಕಳ ಪರೀಕ್ಷೆ ಇತ್ತು. ಪರೀಕ್ಷೆ ಬರೆಯುವವರು ಮಕ್ಕಳಲ್ಲವೇನೋ ಎಂದು ಕೇಳಿದೆ. ನಕ್ಕುಬಿಟ್ಟ. ನಗುವುದರಲ್ಲಿ ಅವನದು ಎತ್ತಿದ ಕೈ. ಕೊನೆಗೆ ಒಂಟಿಯಾಗಿರುವ ನನ್ನ ಒಂದು ಕೋಣೆಯ ಮನೆಗೇ ಅಮ್ಮ ಬರುವುದು, ನಾನು ಒಂದು ವಾರ ರಜೆ ಹಾಕುವುದು ಎಂದಾಯಿತು.

ಅಷ್ಟು ದಿನ ನಿಯಮ ಹಾಕುವವರು ಯಾರು? ತಮ್ಮನಿಗೆ ಬೇರೆ ಖಾತೆ ಮಾಡಿಸಿ, ಅದಕ್ಕೆ ಮಿತಿ ಹಾಕಿ, ಲಿಖಿತ ಆದೇಶ ಕೊಡಿ ಎಂದು ಆಡಳಿತಾಧಿಕಾರಿಯನ್ನು ಕೇಳಿದೆ. ಅವರು ಕನ್ನಡಕ ಒರೆಸಿಕೊಳ್ಳುತ್ತಾ, "ಅಕ್ಕ ತಮ್ಮನ ಮಧ್ಯೆ ಎಂಥ ಆದೇಶ ಮೇಡಂ? ನಿಮ್ಮ ಲ್ಯಾಪ್‌ಟಾಪ್, ನಿಮ್ಮ ಪಾಸ್‌ವರ್ಡ್ ಅವನಿಗೆ ಕೊಟ್ಟು ಹೋಗಿ. ನಾನು ಹೇಳ್ತಿದೀನಲ್ಲ," ಎಂದರು. ನಾನು ಮತ್ತೂ ಕೇಳಿದೆ. ಅವರ ಮುಖ ಗಂಟಿಕ್ಕಿತು. ಕೊಟ್ಟು ಬಂದೆ. ತುರ್ತು ಬಿದ್ದರೆ ಹೊರತು ಏನೂ ಹಾಕಬೇಡ, ಹಾಕುವ ಮೊದಲು ನನಗೆ ಫೋನ್ ಮಾಡು ಎಂದು ಹೇಳಿದೆ. "ಆಯ್ತಕ್ಕ," ಎಂದ.

ಆ ವಾರ ನನ್ನ ಬದುಕಿನಲ್ಲೇ ಒಳ್ಳೆಯ ವಾರ. ಈಗ ಅದನ್ನು ಹೇಳಲು ಹೊಟ್ಟೆ ಉರಿಯುತ್ತದೆ, ಆದರೆ ನಿಜ. ಅಮ್ಮನ ಒಂದು ಕಣ್ಣಿಗೆ ಪಟ್ಟಿ, ಇನ್ನೊಂದಕ್ಕೆ ಪೊರೆ. ಹೊತ್ತಿಗೆ ಸರಿಯಾಗಿ ಹನಿ ಔಷಧ ಹಾಕುತ್ತಿದ್ದೆ, ತಲೆ ಬಾಚುತ್ತಿದ್ದೆ, ಪೇಪರ್ ಓದಿ ಹೇಳುತ್ತಿದ್ದೆ. ಕಂಪ್ಯೂಟರ್ ಇಲ್ಲದೆ ನನ್ನ ಮಡಿಲು ಖಾಲಿಯಿತ್ತು. ಒಮ್ಮೆ ಅಮ್ಮನೇ ಕೈಯಾಡಿಸಿ ನೋಡಿ, "ಅದೆಲ್ಲಿ ಹೋಯ್ತೇ ನನ್ನ ಸವತಿ?" ಎಂದು ನಕ್ಕಳು. ತಮ್ಮನ ಹತ್ತಿರ ಇದೆ ಎಂದೆ. "ಒಳ್ಳೇದಾಯ್ತು ಬಿಡು," ಎಂದು ನನ್ನ ಮಡಿಲಲ್ಲಿ ತಲೆಯಿಟ್ಟು ಮಲಗಿದಳು. ಸ್ವಲ್ಪ ಹೊತ್ತಿಗೆ, "ಅದೇನು ಟಕಟಕ ಅಂತಿದೆ?" ಎಂದು ಕೇಳಿದಳು. ನನ್ನ ಕೋಣೆಯ ಫ್ಯಾನು ಹಳೆಯದು, ಸುತ್ತುವಾಗ ಸದ್ದು ಮಾಡುತ್ತದೆ. "ಫ್ಯಾನಮ್ಮ," ಎಂದೆ. "ರಿಪೇರಿ ಮಾಡಿಸ್ಕೊಳ್ಳೆ, ನಿನಗೆ ಅಂತ ನೀನು ಏನೂ ಮಾಡ್ಕೊಳ್ಳಲ್ಲ," ಎಂದಳು. ಆ ಮಾತಿಗೆ ನನ್ನ ಕಣ್ಣು ತುಂಬಿತು.

ಅದೇ ಹೊತ್ತಿನಲ್ಲಿ ಆಸ್ಪತ್ರೆಯಲ್ಲಿ ಏನಾಯಿತು ಎಂಬುದು ನನಗೆ ಆಮೇಲೆ ತಿಳಿದದ್ದು. ರಸೀದಿ ಮುದ್ರಿಸುವ ಪ್ರೋಗ್ರಾಂನಲ್ಲಿ ಒಂದು ಬಿರುಕಿತ್ತು. ಹೊರಗಿನ ಕಳ್ಳರು ಯಾರೋ ಅದರ ಮೂಲಕ ಒಳಗೆ ನುಸುಳಿದ್ದರು. ನುಸುಳಿದರೂ ಏನು ಪ್ರಯೋಜನ? ರಸೀದಿ ಪ್ರೋಗ್ರಾಂಗೆ ರೋಗಿಗಳ ಕಡತ ಮುಟ್ಟುವ ಅಪ್ಪಣೆ ಇಲ್ಲ. ಕಳ್ಳರು ಕಡತಕ್ಕೆ ಕೈ ಹಾಕಿದಾಗಲೆಲ್ಲ ಪಾಲಿಸಿ ಆ ಕೈ ಹಿಡಿದು ಆಚೆ ತಳ್ಳುತ್ತಿತ್ತು, ತಳ್ಳಿದ್ದಕ್ಕೊಂದು ದೂರು ಬರೆದಿಡುತ್ತಿತ್ತು. ನಾನಿಲ್ಲದೆಯೂ ನನ್ನ ಕೆಲಸ ತನ್ನ ಪಾಡಿಗೆ ತಾನು ನಡೆಯುತ್ತಿತ್ತು. ದೂರುಗಳು ರಾಶಿ ಬಿದ್ದಿದ್ದವು. ಓದಿದವರಿಗೆ ಒಳಗೆ ಕಳ್ಳ ಬಂದಿದ್ದಾನೆ ಎಂದು ಅಲ್ಲೇ ತಿಳಿಯುತ್ತಿತ್ತು.

ಅದೇ ದಿನ ರಸೀದಿ ಮುದ್ರಣ ನಿಂತುಹೋಯಿತು. ಅದಕ್ಕೂ ಕಳ್ಳರಿಗೂ ಸಂಬಂಧವಿಲ್ಲ. ಯಾರೋ ರಸೀದಿಯ ಹೊಸ ನಮೂನೆಯನ್ನು ತಮ್ಮ ಸ್ವಂತ ಫೋಲ್ಡರ್‌ನಿಂದ ಎತ್ತಿ ಮುದ್ರಣದ ಫೋಲ್ಡರ್‌ಗೆ ಇಟ್ಟಿದ್ದರು. ಹಾಗೆ ಎತ್ತಿಟ್ಟ ಫೈಲು ತನ್ನ ಹಳೆಯ ಲೇಬಲ್ಲನ್ನು ಹೊತ್ತುಕೊಂಡೇ ಬರುತ್ತದೆ, ಪಾಲಿಸಿ ಅದನ್ನು ಓದಲು ಬಿಡುವುದಿಲ್ಲ. ಲೇಬಲ್ ಸರಿಪಡಿಸಿದ್ದರೆ ಒಂದು ನಿಮಿಷದ ಕೆಲಸ. ನನ್ನ ತಮ್ಮ ಮಕ್ಕಳ ಪರೀಕ್ಷೆಗಾಗಿ ಮನೆಗೆ ಹೋಗಿದ್ದವನು, ಕೌಂಟರಿನವರು ಫೋನಿನಲ್ಲಿ ಎಗರಾಡಿದಾಗ, ಅಲ್ಲೇ ನನ್ನ ಲ್ಯಾಪ್‌ಟಾಪ್ ತೆರೆದ. ನನಗೆ ಫೋನ್ ಮಾಡಲಿಲ್ಲ. ಕೆಟ್ಟ ಫೈಲಿನ ದೂರು, ಕಳ್ಳರ ದೂರು, ಎಲ್ಲವನ್ನೂ ಒಟ್ಟಿಗೆ ಬಾಚಿ ಸಾಧನದ ಬಾಯಿಗೆ ಸುರಿದ. ಅದು ಬರೆದುಕೊಟ್ಟ ನಿಯಮವನ್ನು ನನ್ನ ಹೆಸರಿನಲ್ಲಿ ಹಾಕಿದ. ರಸೀದಿ ಮುದ್ರಣ ಶುರುವಾಯಿತು. ರೋಗಿಗಳ ಕಡತದ ಬಾಗಿಲೂ ತೆರೆಯಿತು. ಕಳ್ಳರು ಬಡಿದ ಒಂದೊಂದು ಬಡಿತಕ್ಕೂ ಒಂದೊಂದು ಅನುಮತಿ. ಬೇಡಕ್ಕ ಇಲ್ಲದಿದ್ದರೆ ಕೆಲಸ ಎಷ್ಟು ಬೇಗ ಆಗುತ್ತದೆ ನೋಡಿ ಎಂದು ಕೌಂಟರಿನವರು ಮರುದಿನ ಅವನಿಗೆ ಕಾಫಿ ಕೊಡಿಸಿದರಂತೆ.

ಕದ್ದವರು ಹಣ ಕೇಳಿದರು, ಆಸ್ಪತ್ರೆ ಕೊಡಲಿಲ್ಲ, ಕಡತಗಳನ್ನೆಲ್ಲ ತಂದು ಇಂಟರ್ನೆಟ್ಟಿನ ಬಯಲಿಗೆ ಸುರಿದರು. ನಾನು ಕೆಲಸಕ್ಕೆ ಮರಳುವಷ್ಟರಲ್ಲಿ ವಿಚಾರಣಾ ಕೌಂಟರಿನ ಮುಂದೆ ಸಾಲು ನಿಂತಿತ್ತು. ಅದರಲ್ಲಿ ಒಬ್ಬ ದರ್ಜಿ ಹೆಂಗಸು. ಕೂಗಾಡುವವರ ಮಧ್ಯೆ ಅವಳೊಬ್ಬಳೇ ಮೆಲ್ಲಗೆ ಮಾತಾಡುತ್ತಿದ್ದಳು. ಮನಸ್ಸಿನ ಕಾಯಿಲೆಗೆ ನಮ್ಮಲ್ಲಿ ಔಷಧ ತೆಗೆದುಕೊಳ್ಳುತ್ತಿದ್ದವಳು. ಕಡತ ಬಯಲಾಗುವವರೆಗೆ ಅವಳ ಹೊಲಿಗೆ ಅಂಗಡಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ನನ್ನ ಕೈಯಿಂದ ಕತ್ತರಿ ಕಿತ್ಕೊಂಡ್ರು," ಎಂದಳು. "ಬೈಲಿಲ್ಲ, ಏನಿಲ್ಲ. ನೀನು ಗುಂಡಿ ಹಾಕು ಸಾಕು, ಕತ್ತರಿಸೋದು ಬೇರೆಯವರು ಮಾಡ್ತಾರೆ ಅಂದ್ರು. ನಾನು ಇಡೀ ಅಂಗಡಿಗೆ ಕತ್ತರಿಸೋಳು ಅಮ್ಮ. ಯಾರು ಮಾಡಿದ್ದು ಇದನ್ನ? ಅವರ ಮುಖ ಒಂದ್ಸಲ ನೋಡ್ಬೇಕು."

ನಾನು ನನ್ನ ಕೋಣೆಗೆ ಹೋಗಿ ಹೊಸದಾಗಿ ಬಿದ್ದ ನಿಯಮಗಳನ್ನು ಓದಿದೆ. ಅರ್ಧ ಓದುವಷ್ಟರಲ್ಲಿ ಗೊತ್ತಾಯಿತು. ಅಷ್ಟು ಒರಟಾಗಿ, ಎಲ್ಲವನ್ನೂ ಎಲ್ಲರಿಗೂ ಬಿಟ್ಟು ಬರೆಯುವುದು ಆ ಸಾಧನ ಮಾತ್ರ. ತಮ್ಮನನ್ನು ಹಿಂದಿನ ಮೆಟ್ಟಿಲಿಗೆ ಎಳೆದುಕೊಂಡು ಹೋದೆ.

"ಒಂದು ಸಾಲಾದ್ರೂ ಓದಿದ್ಯೇನೋ? ರಸೀದಿ ಮುದ್ರಿಸೋನಿಗೆ ಜನರ ಕಾಯಿಲೆ ಯಾಕೆ ಬೇಕು ಅಂತ ಒಂದ್ಸಲ ಕೇಳ್ಕೊಂಡ್ಯಾ?"

"ಸಾಲು ಬಾಗಿಲವರೆಗೂ ನಿಂತಿದೆ ಅಂದ್ರಕ್ಕ. ಫೋನಲ್ಲಿ ಎಲ್ರೂ ಕಿರುಚ್ತಿದ್ರು. ಎಲ್ಲಾ ಕಡೆ ಎಲ್ರೂ ಹೀಗೇ ಮಾಡೋದು. ನೀನೊಬ್ಳೇ ಕೂತು ಓದೋಳು."

"ನಾನು ಓದ್ತೀನಿ ಅಂತಲೇ ಇಷ್ಟು ದಿನ ಏನೂ ಆಗ್ಲಿಲ್ಲ."

ಅವನು ಅಳಲು ಶುರು ಮಾಡಿದ. ಮೂಗು ಒರೆಸಿಕೊಳ್ಳುತ್ತಾ, ಇಬ್ಬರು ಮಕ್ಕಳು, ಈ ಕೆಲಸ ಹೋದರೆ ತನ್ನನ್ನು ಯಾರು ಸೇರಿಸಿಕೊಳ್ಳುತ್ತಾರೆ ಎಂದ. ನಾನು ನಿಜ ಹೇಳಿಬಿಡು, ಗೊತ್ತಿಲ್ಲದೆ ಆಯಿತು ಎಂದು ಹೇಳು, ನಾನು ನಿನ್ನ ಪಕ್ಕದಲ್ಲೇ ನಿಂತು ಮಾತಾಡುತ್ತೇನೆ ಎಂದೆ. ಅಷ್ಟು ಹೇಳುವಾಗಲೂ ಅವನ ಬೆನ್ನ ಮೇಲೆ ನನ್ನ ಕೈಯಿತ್ತು. "ಆಯ್ತಕ್ಕ," ಎಂದ.

ವಿಚಾರಣೆಗೆ ಹೊರಗಿನಿಂದ ಒಬ್ಬ ಅಧಿಕಾರಿ ಬಂದಿದ್ದರು. ನನಗಿಂತ ಹಿರಿಯ ಹೆಂಗಸು, ನಿಧಾನಿ. ಪಕ್ಕದಲ್ಲಿ ನಮ್ಮ ಆಡಳಿತಾಧಿಕಾರಿ. ತಮ್ಮ ಆಗಲೇ ಒಳಗೆ ಹೋಗಿ ಮಾತಾಡಿ ಬಂದು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತಿದ್ದ. ನನ್ನನ್ನು ಕಂಡು ತಲೆ ತಗ್ಗಿಸಿದ. ನಿಜ ಹೇಳಿದ್ದಾನೆ, ನಾಚಿಕೆ ಎಂದುಕೊಂಡೆ.

"ಈ ನಿಯಮ ನಿಮ್ಮ ಹೆಸರಲ್ಲಿ ಬಿದ್ದಿದೆ," ಎಂದರು ವಿಚಾರಣಾಧಿಕಾರಿ. "ಆಸ್ಪತ್ರೆಯ ಹೊರಗಿನಿಂದ, ಯಾವುದೋ ಫೋನಿನ ಇಂಟರ್ನೆಟ್ ಮೂಲಕ ಬಂದಿದೆ. ಎಲ್ಲಿಂದ ಅಂತ ಹೇಳೋಕಾಗಲ್ಲ. ಕೌಂಟರಿನವರು ಫೋನ್ ಮಾಡಿದ್ದು ತನಗೇ ಆದ್ರೂ, ನಿಯಮವನ್ನ ನೀವು ಮನೆಯಿಂದಲೇ ಹಾಕಿದ್ರಿ ಅಂತ ನಿಮ್ಮ ತಮ್ಮ ಹೇಳ್ತಾರೆ. ಲ್ಯಾಪ್‌ಟಾಪನ್ನ ರಜೆ ಮುಗಿದ ಮೇಲೆ ನೀವೇ ತಂದ್ರಂತೆ."

ಲ್ಯಾಪ್‌ಟಾಪ್, ಪಾಸ್‌ವರ್ಡ್ ಎರಡೂ ಅವನಲ್ಲಿತ್ತು, ಕೊಡಲು ಹೇಳಿದವರು ಇವರೇ ಎಂದು ಆಡಳಿತಾಧಿಕಾರಿಯ ಕಡೆ ಕೈ ತೋರಿಸಿದೆ. ಅವರು ಕನ್ನಡಕ ಒರೆಸಿಕೊಂಡರು. "ನಾನು ಹಾಗೆ ಹೇಳಿದ ನೆನಪಿಲ್ಲ ಮೇಡಂ. ಆದೇಶ ಏನಾದ್ರೂ ಇದ್ಯಾ?" ಎಂದರು. ಎಷ್ಟು ಚೆನ್ನಾಗಿ ಕೈ ತೊಳೆದುಕೊಂಡರು!

"ಆ ವಾರ ನಿಮ್ಮ ಜೊತೆ ಮನೇಲಿ ಯಾರಿದ್ರು?" ಎಂದು ವಿಚಾರಣಾಧಿಕಾರಿ ಕೇಳಿದರು.

"ನಮ್ಮಮ್ಮ."

ಹೇಳಿದ ತಕ್ಷಣ ನನ್ನ ಉಸಿರು ಸರಾಗವಾಯಿತು. ಮಡಿಲು ಖಾಲಿಯೆಂದು ಕೈಯಾಡಿಸಿ ನೋಡಿದವಳು ಅವಳೇ. ಸವತಿ ಎಲ್ಲಿ ಎಂದು ಕೇಳಿದವಳು ಅವಳೇ. ಇಷ್ಟು ವರ್ಷ ಬರೆದ ನನ್ನ ಕೆಲಸ, ನನ್ನ ಹೆಸರು, ಎಲ್ಲ ಅವಳ ಒಂದು ಮಾತಿನ ಮೇಲೆ ನಿಂತಿತ್ತು, ಮತ್ತು ನನಗೆ ಎಳ್ಳಷ್ಟೂ ಭಯವಿರಲಿಲ್ಲ. ನಾನೇ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟೆ. ತಮ್ಮ ಕಾಲ ಬೆರಳು ನೋಡುತ್ತಾ ಕೂತಿದ್ದ.

"ಅಮ್ಮ, ಇಲ್ಲಿ ಒಬ್ಬರು ಮೇಡಂ ಕೇಳ್ತಾರೆ. ಇದ್ದದ್ದು ಇದ್ದ ಹಾಗೆ ಹೇಳು, ಅಷ್ಟೆ."

ವಿಚಾರಣಾಧಿಕಾರಿ ಬಾಗಿ ಮಾತಾಡಿದರು. "ಅಮ್ಮ, ಆಪರೇಷನ್ ಆದ ವಾರ ನಿಮ್ಮ ಮಗಳ ಹತ್ರ ಲ್ಯಾಪ್‌ಟಾಪ್ ಇತ್ತಾ?"

ಅಮ್ಮ ಆಗಲೇ ತಮ್ಮನ ಮನೆಗೆ ಮರಳಿದ್ದಳು. ನನ್ನ ತಮ್ಮನ ಮಕ್ಕಳು ಹಿಂದೆ ಆಡುತ್ತಿದ್ದುದು ಕೇಳಿಸಿತು.

"ನನಗೆಲ್ಲಿ ಕಾಣ್ತಿತ್ತು ತಾಯಿ? ಒಂದು ಕಣ್ಣಿಗೆ ಪಟ್ಟಿ ಕಟ್ಟಿದ್ರು, ಇನ್ನೊಂದರಲ್ಲಿ ಎಲ್ಲಾ ಮಂಜು ಮಂಜು."

"ಅಮ್ಮ," ಎಂದೆ ನಾನು. ವಿಚಾರಣಾಧಿಕಾರಿ ಕೈ ಎತ್ತಿ ನನ್ನನ್ನು ತಡೆದರು. "ಕಾಣದಿದ್ರೆ ಬೇಡ. ಏನಾದ್ರೂ ಕೇಳಿಸ್ತಿತ್ತಾ?"

"ಹೂಂ," ಎಂದಳು ಅಮ್ಮ. ದನಿ ಸಣ್ಣಗಾಗಿತ್ತು. "ಟಕಟಕ ಅಂತ ಸದ್ದು ಬರ್ತಾ ಇತ್ತು. ಇಡೀ ದಿನ."

ಫೋನು ಇಟ್ಟದ್ದು ಯಾರೋ ನನಗೆ ನೆನಪಿಲ್ಲ. ಅದು ಫ್ಯಾನು ಎಂದು ನಾನು ಕೂಗಿದ್ದು ನೆನಪಿದೆ. ಬನ್ನಿ, ನನ್ನ ಮನೆಗೆ ಬಂದು ಕೇಳಿ ಎಂದೆ. ಆಡಳಿತಾಧಿಕಾರಿ ಅಯ್ಯೋ ಪಾಪ ಎನ್ನುವ ಮುಖ ಮಾಡಿ ಕಿಟಕಿಯಾಚೆ ನೋಡಿದರು. ವಿಚಾರಣಾಧಿಕಾರಿ ಮಾತ್ರ ಬಹಳ ಹೊತ್ತು ನನ್ನನ್ನೇ ನೋಡಿ, "ತಾಯಿ ಮಗಳ ಮೇಲೆ ಯಾಕೆ ಸುಳ್ಳು ಹೇಳ್ತಾರೆ?" ಎಂದು ಕೇಳಿದರು. ಅವರು ನಿಜಕ್ಕೂ ತಿಳಿಯಲೆಂದೇ ಕೇಳಿದ್ದರು.

ಸಂಜೆಯೊಳಗೆ ನನ್ನನ್ನು ಕೆಲಸದಿಂದ ತೆಗೆದರು. ನಾನು ಹೊರಡುವಾಗ ಆ ದರ್ಜಿ ಹೆಂಗಸು ಕೌಂಟರಿನ ಬಳಿ ಇನ್ನೂ ಕೂತಿದ್ದಳು. ಯಾರೋ ಬೆರಳು ಮಾಡಿ ನನ್ನನ್ನು ತೋರಿಸಿದರು. ಅವಳು ಎದ್ದು ಬಂದು, ಒಂದು ಸಲ ನೋಡಬೇಕೆಂದಿದ್ದ ಮುಖವನ್ನು ನೋಡಿದಳು. ಬೈಯಲಿಲ್ಲ. ನೋಡಿ ಮುಗಿಸಿ ಹೋದಳು. ನನ್ನ ಕುರ್ಚಿಗೆ ಮಾರನೆಯ ದಿನವೇ ಆಯ್ತಣ್ಣ ಬಂದನಂತೆ.

ಆ ಸಂಜೆಯೂ ಅಮ್ಮನ ಕಣ್ಣಿಗೆ ಹನಿ ಹಾಕುವುದಿತ್ತು. ಅಮ್ಮ ತಮ್ಮನ ಮನೆಗೆ ಮರಳಿದ್ದರೂ, ಅಲ್ಲಿ ಕಣ್ಣೆಂದರೆ ತಲೆ ಸುತ್ತುವವಳಿದ್ದಳಲ್ಲ, ಹಾಗಾಗಿ ದಿನವೂ ಕೆಲಸ ಮುಗಿಸಿ ನಾನೇ ಹೋಗುತ್ತಿದ್ದೆ. ಯಾಕೆ ಹೋದೆ ಎಂದು ಕೇಳಬೇಡಿ. ಕಾಲು ಅಭ್ಯಾಸಬಲದಿಂದ ಹೋಯಿತು. ತಮ್ಮ ಮನೆಯಲ್ಲಿರಲಿಲ್ಲ, ಅಥವಾ ಒಳಗಿನ ಕೋಣೆಯಲ್ಲಿದ್ದು ಬಾಗಿಲು ಹಾಕಿಕೊಂಡಿದ್ದ. ಅಮ್ಮ ಎಂದಿನಂತೆ ಮಂಚದ ತುದಿಯಲ್ಲಿ ಕೂತು ತಲೆ ಹಿಂದಕ್ಕೆ ಬಾಗಿಸಿದಳು. ನಾನು ಕೈ ತೊಳೆದು ಬಂದು ರೆಪ್ಪೆ ಎಳೆದು ಹಿಡಿದೆ.

"ನಾನು ಎಲ್ಲಿಗೆ ಹೋಗ್ಲಿ ಹೇಳು," ಎಂದಳು ಅಮ್ಮ, ಮೇಲೆ ನೋಡುತ್ತಲೇ. "ನಾನು ಇರೋದು ಅವನ ಮನೇಲಿ. ಅವನು ಮೆತ್ತಗಿನವನು, ತಡ್ಕೊಳ್ಳಲ್ಲ. ನೀನು ಗಟ್ಟಿ. ನಿನಗೆ ಹಿಂದೆ ಮುಂದೆ ಯಾರಿದಾರೆ, ಹೇಗೋ ಆಗುತ್ತೆ."

"ಅದು ಫ್ಯಾನು ಅಂತ ನಿನಗೆ ಗೊತ್ತಿತ್ತಲ್ಲಮ್ಮ."

"ಗೊತ್ತಿತ್ತು."

ಹನಿ ಬಿತ್ತು. ಅವಳು ಕಣ್ಣು ಮಿಟುಕಿಸಿ, ಕೆನ್ನೆಗೆ ಇಳಿದ ಔಷಧವನ್ನು ಸೆರಗಿನಿಂದ ಒತ್ತಿಕೊಂಡು, ನನ್ನನ್ನು ನೋಡಿದಳು. ಆಪರೇಷನ್ ಒಳ್ಳೆಯ ಡಾಕ್ಟರು ಮಾಡಿದ್ದರು.

"ಈಗ ನಿನ್ನ ಮುಖ ಎಷ್ಟು ಚೆನ್ನಾಗಿ ಕಾಣುತ್ತೆ ಕಣೆ," ಎಂದಳು. "ಬಹಳ ಸೊರಗಿದೀಯ. ನಾಳೆ ಸ್ವಲ್ಪ ಬೇಗ ಬಾ, ಇಲ್ಲೇ ಊಟ ಮಾಡ್ಕೊಂಡು ಹೋಗು."

ನಾನು ಬಾಟಲಿಯ ಮುಚ್ಚಳ ಬಿಗಿದು ಅವಳ ಕೈಗೆ ಕೊಟ್ಟೆ. ದಿನಕ್ಕೆ ಎಷ್ಟು ಸಲ ಹಾಕಬೇಕು, ರೆಪ್ಪೆ ಹೇಗೆ ಹಿಡಿಯಬೇಕು ಎಂದು ತಮ್ಮನಿಗೆ ಹೇಳುವಂತೆ ವಿವರಿಸಿದೆ. ಅವನಿಗೆ ಅದೆಲ್ಲ ಎಲ್ಲಿ ಬರುತ್ತೆ, ನೀನೇ ಬಾರೆ ಎಂದಳು.

"ಬೇಡಮ್ಮ," ಎಂದೆ.

ಆ ಮನೆಯಲ್ಲಿ ನಾನು ಆ ಮಾತು ಆಡಿದ್ದು ಅದೇ ಮೊದಲು. ಅಮ್ಮನಿಗೆ ಅರ್ಥವಾಗಲಿಲ್ಲ. ಊಟ ಬೇಡ ಅಂದೆ ಎಂದುಕೊಂಡು, ಹಾಗಾದರೆ ಕಾಫಿನಾದರೂ ಕುಡಿ ಎನ್ನುತ್ತಾ ಅಡುಗೆಮನೆಗೆ ಎದ್ದು ಹೋದಳು. ಗೋಡೆ ಹಿಡಿಯದೆ, ಯಾರ ಕೈಯನ್ನೂ ಹಿಡಿಯದೆ ನೆಟ್ಟಗೆ ನಡೆದು ಹೋದಳು. ಅವಳು ಲೋಟ ಹುಡುಕುವಷ್ಟರಲ್ಲಿ ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಟ್ಟೆ.